ತೊಳೆದಿಟ್ಟ ಪಾಳು

ದಂಡಿನವರು ಬಿಟ್ಟುಹೋದ ಜಾಗ ಊರಿನ ಅಂಚಿನಲ್ಲಿ ವರ್ಷಾನುಗಟ್ಟಲೆ ಪಾಳು ಬಿದ್ದಿತ್ತು. ಸಾಲು ಬ್ಯಾರಕ್ಕುಗಳು, ಹುಲ್ಲು ಬೆಳೆದ ಕವಾಯತು ಮೈದಾನ, ಕೊನೆಗೆ ಸೈನಿಕರ ಬಟ್ಟೆ ಒಗೆಯುತ್ತಿದ್ದ ಉದ್ದನೆಯ ಕಟ್ಟಡ. ಪುರಸಭೆಯ ಬೀಗ ಬಿದ್ದಿದ್ದ ಆ ಒಗೆಯುವ ಮನೆಯ ಮೇಲೆ ದೊಡ್ಡಕ್ಕನಿಗೆ ಮೊದಲಿನಿಂದಲೂ ಒಂದು ಕಣ್ಣು. ಅವಳು, ಅವಳ ನಾದಿನಿ, ಇನ್ನು ಕೆಲವು ಹೆಂಗಸರು ಆಸ್ಪತ್ರೆಯ ಚಾದರಗಳನ್ನು ಅದರ ಬೆನ್ನಿಗಿದ್ದ ಬಯಲು ತೊಟ್ಟಿಯಲ್ಲಿ ಒಗೆಯುತ್ತಿದ್ದರು. ಚಳಿಗಾಲದಲ್ಲಿ ಗಾಳಿ ಬೆನ್ನು ಕೊರೆಯುತ್ತಿತ್ತು, ನೀರು ಕೈ ಕೊರೆಯುತ್ತಿತ್ತು. ಸಂಜೆ ಮನೆಗೆ ಹೋದರೆ ದೊಡ್ಡಕ್ಕನಿಗೆ ಲೋಟ ಹಿಡಿಯಲೂ ಬೆರಳು ಬಗ್ಗುತ್ತಿರಲಿಲ್ಲ.

ಪುರಸಭೆಯಲ್ಲಿ ಗುಮಾಸ್ತನಾಗಿದ್ದ ಅವಳ ಅಳಿಯ ಒಮ್ಮೆ ಸುದ್ದಿ ತಂದಿದ್ದ. ದಂಡು ಬಿಟ್ಟ ಜಾಗಗಳನ್ನು ಊರಿನ ಉಪಯೋಗಕ್ಕೆ ತರಲು ಸರ್ಕಾರ ಹಣ ಕೊಡುತ್ತದಂತೆ, ಪುರಸಭೆ ಅರ್ಜಿ ಹಾಕಿದೆಯಂತೆ, ಬಂದರೆ ಮೊದಲ ಕೆಲಸವೇ ಒಗೆಯುವ ಮನೆಯಂತೆ, ಬಿಸಿನೀರಿನ ಬಾಯ್ಲರ್ ಸಮೇತ. ಅರ್ಜಿ ಹೋಯಿತು, ವಾಪಸು ಬಂತು, ತಿದ್ದಿಸಿಕೊಂಡು ಮತ್ತೆ ಹೋಯಿತು. ದೊಡ್ಡಕ್ಕ ಚಾದರ ಹಿಂಡುತ್ತಾ ಕಾದಳು.

ಕಡೆಗೆ ತಪಾಸಣೆಯವರು ಬರುತ್ತಾರೆಂದು ಗೊತ್ತಾದಾಗ ಅವಳು ಕಾವಲುಗಾರನಿಂದ ಕೀಲಿ ಇಸಿದುಕೊಂಡು ಹೆಂಗಸರನ್ನೆಲ್ಲ ಕರೆದಳು. ದೊಡ್ಡವರು ಬರುವಾಗ ಕಸ ಗುಡಿಸದೆ ಇರುವುದುಂಟೇ! ಜೇಡರ ಬಲೆ ಹೊಡೆದರು, ಪಾರಿವಾಳದ ಹಿಕ್ಕೆ ಕೆರೆದರು, ತುಕ್ಕು ಹಿಡಿದ ನಲ್ಲಿ, ಕಟ್ಟಿಕೊಂಡ ಚರಂಡಿ ಬಿಡಿಸಿದರು, ಜಾರಿದ ಹೆಂಚುಗಳನ್ನು ಸರಿಮಾಡಿ ಕೂರಿಸಿದರು. ಕಲ್ಲಿನ ತೊಟ್ಟಿಗಳು ಹೊಳೆದವು.

ತಪಾಸಣೆಯ ಹಿಂದಿನ ದಿನ ಮಧ್ಯಾಹ್ನ ಅಳಿಯ ಬಂದು ಬಾಗಿಲಲ್ಲೇ ನಿಂತುಬಿಟ್ಟ.

"ಅತ್ತೆ, ಇದೇನ್ ಮಾಡಿಟ್ಟಿದ್ದೀರಿ?"

"ಯಾಕೆ ಅಳಿಯಂದ್ರೇ, ಎಲ್ಲಾದ್ರೂ ಕಸ ಉಳ್ಕೊಂಡಿದ್ಯಾ?"

"ಉಳ್ಕೊಂಡಿಲ್ಲ, ಅದೇ ತೊಂದ್ರೆ! ಈ ದುಡ್ಡು ಪಾಳುಬಿದ್ದ ಜಾಗಕ್ಕೆ ಮಾತ್ರ. ಹಾಳಾದಷ್ಟೂ ಜಾಸ್ತಿ ಅಂಕ."

ಪೊರಕೆ ಹಿಡಿದಿದ್ದ ನಾದಿನಿ ಸೊಂಟ ನೆಟ್ಟಗೆ ಮಾಡಿಕೊಂಡಳು. "ಅಂದ್ರೆ ನಾವು ಬೆನ್ನು ಮುರ್ಕೊಂಡು ಗುಡಿಸಿದ್ದು ಕಸಾನಲ್ಲ, ದುಡ್ಡನ್ನ! ಅತ್ತಿಗೆ, ಹಿಂಗೇ ಒಂದ್ಸಲ ನಮ್ಮನೆಗೂ ಬಂದು ಗುಡಿಸಿ. ನಮ್ಮೆಜಮಾನ್ರ ಸಾಲಗಾರರೂ ಆಚೆ ಹೋಗ್ಲಿ."

ಅಳಿಯ ತನ್ನ ಚಪ್ಪಲಿ ನೋಡಿಕೊಳ್ಳುತ್ತಾ, "ಸ್ವಲ್ಪ... ಮೊದಲಿದ್ದ ಹಾಗೆ ಮಾಡಿದ್ರೆ..." ಎಂದ.

ದೊಡ್ಡಕ್ಕ ತೊಟ್ಟಿಯ ಅಂಚಿನ ಮೇಲೆ ಕುಳಿತಳು. ಜೀವಮಾನವೆಲ್ಲ ಕೊಳೆ ತೆಗೆದು ಹೊಟ್ಟೆ ಹೊರೆದವಳು. ಬರಬೇಕಾಗಿದ್ದ ಬಿಸಿನೀರನ್ನು ನೆನೆಸಿಕೊಂಡಳು. ಎದ್ದು, ಹೊರಗೆ ಸುರಿದಿದ್ದ ಕಸವನ್ನು ಬುಟ್ಟಿಗೆ ತುಂಬಿ ಒಳಗೆ ತಂದಳು. ನಾದಿನಿ ಹಳೇ ಸಿಟ್ಟೆಲ್ಲ ತೀರಿಸಿಕೊಳ್ಳುವವಳಂತೆ ಗೋಡೆಗೆ ರಾಚಿದಳು. ದೊಡ್ಡಕ್ಕ ಮಾತ್ರ ಮುಖ ತಿರುಗಿಸಿಕೊಂಡು ಚೆಲ್ಲಿದಳು. ಚರಂಡಿಗೆ ಕಸ ತುರುಕಲು, ಹೆಂಚು ಕೀಳಲು ಯಾರಿಗೂ ಕೈ ಬರಲಿಲ್ಲ.

ಬೆಳಿಗ್ಗೆ ಬಂದ ಅಧಿಕಾರಿ ಒಬ್ಬ ನಡುವಯಸ್ಸಿನ ಹೆಂಗಸು. ಎಷ್ಟು ಊರು ಸುತ್ತಿ ಬಂದಿದ್ದಳೋ, ಅವಳ ಕಣ್ಣ ಕೆಳಗೂ ಕಪ್ಪು. ತೊಟ್ಟಿಯ ಕಸದಲ್ಲಿ ಬೆರಳಾಡಿಸಿದಳು. ಅಡಿಯಲ್ಲಿ ಕಲ್ಲು ಫಳಫಳ. ನಲ್ಲಿ ತಿರುಗಿಸಿದಳು, ನೀರು ಸರಾಗವಾಗಿ ಹರಿದುಹೋಯಿತು.

"ಈ ಕಸ ಯಾರು ಹಾಕಿದ್ದು?"

ಅಳಿಯ ಬಾಯಿ ತೆರೆಯುವ ಮೊದಲೇ ದೊಡ್ಡಕ್ಕ ಅಂದಳು, "ತೆಗೆದಿದ್ದೂ ನಾನೇ, ಹಾಕಿದ್ದೂ ನಾನೇ ತಾಯಿ. ಇವರದ್ದೇನೂ ಇಲ್ಲ."

ಅಧಿಕಾರಿ ಬೆರಳಿಗೆ ಅಂಟಿದ ಧೂಳು ಒರೆಸಿಕೊಂಡಳು. "ಎಲ್ಲಾ ಕಡೆ ಹುಳುಕು ಮುಚ್ಚಿಟ್ಟು ತೋರಿಸ್ತಾರೆ. ಇಲ್ಲಿ ಒಳ್ಳೇದನ್ನ ಮುಚ್ಚಿಟ್ಟಿದ್ದೀರಿ," ಎಂದು ಉಸಿರುಬಿಟ್ಟಳು. "ಸೂರು ಸರಿಯಾಗಿದೆ, ನೀರು ಹರಿಯುತ್ತೆ. ಇದನ್ನ ಪಾಳು ಅಂತ ಬರೆಯೋಕೆ ನನ್ನಿಂದ ಆಗಲ್ಲಮ್ಮ. ಬಳಕೆಗೆ ಯೋಗ್ಯ ಅಂತಲೇ ಬರೀಬೇಕು."

ಜೀಪು ಹೋದ ಮೇಲೆ ಧೂಳು ನಿಧಾನವಾಗಿ ಇಳಿಯಿತು. ಅಳಿಯ ಕೈಚಾಚಿದ. "ಬಾಯ್ಲರ್ ಕಥೆ ಮುಗೀತು ಅತ್ತೆ. ಕೀಲಿ ಕೊಡಿ, ಕಾವಲುಗಾರನಿಗೆ ಒಪ್ಪಿಸ್ಬೇಕು."

ದೊಡ್ಡಕ್ಕ ಸೊಂಟದಲ್ಲಿ ಸಿಕ್ಕಿಸಿದ್ದ ಕೀಲಿಯನ್ನು ಮುಟ್ಟಿ ನೋಡಿಕೊಂಡಳು. ತೆಗೆಯಲಿಲ್ಲ.

"ಆಯಮ್ಮ ಏನಂತ ಬರೀತೀನಿ ಅಂದ್ರು?"

"ಬಳಕೆಗೆ ಯೋಗ್ಯ ಅಂತ."

"ಹಾಗಾದ್ರೆ ಬಳಸ್ತೀವಿ. ಪುರಸಭೆಯಲ್ಲಿ ಏನ್ ಹೇಳ್ಬೇಕೋ ನೀವು ಹೇಳ್ಕೊಳ್ಳಿ. ಒಪ್ಪದಿದ್ರೆ ಅವರೇ ಬಂದು ನನ್ನ ಹತ್ರ ಕೀಲಿ ಕೇಳ್ಲಿ."

ಅಳಿಯ ಚಾಚಿದ ಕೈಯಿಂದಲೇ ತಲೆ ಕೆರೆದುಕೊಂಡು ಹೊರಟ.

ಹೆಂಗಸರು ಬಯಲಿನಿಂದ ಚಾದರದ ಗಂಟುಗಳನ್ನು ಒಳಗೆ ಹೊತ್ತು ತಂದರು. ದೊಡ್ಡಕ್ಕ ನಲ್ಲಿಯ ಕೆಳಗೆ ಕೈ ಹಿಡಿದಳು.

"ಹೆಂಗಿದೆ ಅತ್ತಿಗೆ, ಬಿಸಿಯಾಗಿದ್ಯಾ?" ನಾದಿನಿ ಕೆಣಕಿದಳು.

"ಕೊರೀತಿದೆ ಕಣೇ. ಗಾಳಿ ಒಂದಿಲ್ಲ, ಅಷ್ಟೇ." ಅವಳು ಕೈ ಒರೆಸಿಕೊಂಡು ಕಸ ತುಂಬಿದ ತೊಟ್ಟಿಗಳ ಕಡೆ ನೋಡಿದಳು. "ಪೊರಕೆ ತಾ. ಇನ್ನೊಂದ್ಸಲ ಗುಡಿಸ್ಬೇಕಲ್ಲ."