ಗರಗಸಕ್ಕೆ ಕೊಟ್ಟ ಬೆಳ್ಳಿ

ಕೈಯಲ್ಲಿ ನಾಲ್ಕು ಕಾಸು ಸೇರಿದರೆ ಅದನ್ನು ಎಲ್ಲಿಡುವುದು? ನಮ್ಮ ಭಾವಿಕೇರಿಯ ಹೆಂಗಸರಿಗೆ ಇದೇ ಚಿಂತೆ. ಮನೆಯಲ್ಲಿಟ್ಟರೆ ಖರ್ಚಾಗುತ್ತದೆ. ಗಂಡಸರ ಕಣ್ಣಿಗೆ ಬಿದ್ದರೆ ಇನ್ನೂ ಬೇಗ ಖರ್ಚಾಗುತ್ತದೆ. ಬಂಗಾರ ನಮ್ಮ ಕೈಗೆ ಎಟಕುವುದಿಲ್ಲ. ಹಾಗಾಗಿ ಈಗ ಎಲ್ಲರ ಬಾಯಲ್ಲೂ ಬೆಳ್ಳಿಯ ಮಾತು.

ನನ್ನ ಅವ್ವಿ ಸುಕ್ರಿ ಮತ್ತು ಪಕ್ಕದ ಮನೆಯ ಜಯಂತಿಯಕ್ಕ ಶೇಂಗಾ ಗದ್ದೆಯ ಕೆಲಸಕ್ಕೆ ಜೊತೆಯಾಗಿ ಹೋಗುವವರು. ಬೇಸಿಗೆಯಲ್ಲಿ ಇಬ್ಬರೂ ಅಂಕೋಲಾದ ರಸ್ತೆ ಬದಿಯಲ್ಲಿ ಬುಟ್ಟಿ ಇಟ್ಟುಕೊಂಡು ಈಶಾಡು ಮಾವು ಮಾರುತ್ತಾರೆ. ಮಾವು ಇವರದಲ್ಲ, ಮರ ಗುತ್ತಿಗೆ ಹಿಡಿದ ವ್ಯಾಪಾರಿಯದು. ಇವರಿಗೆ ಸಿಗುವುದು ದಿನದ ಕೂಲಿ ಮಾತ್ರ.

"ಒಂದ್ ವರ್ಷ ಆದ್ರೂ ನನ್ ಮಾವು ನಾನೇ ಮಾರ್ಬೇಕು ಮಾರಾಯ್ತಿ," ಎಂದು ಜಯಂತಿಯಕ್ಕ ಪ್ರತಿ ಬೇಸಿಗೆಯಲ್ಲೂ ಹೇಳುತ್ತಿದ್ದಳು.

ಹೋದ ವರ್ಷ ಹೆಂಗಸರ ಸ್ವಸಹಾಯ ಸಂಘದ ಉಳಿತಾಯ ಹಂಚಿದಾಗ ಇಬ್ಬರಿಗೂ ಒಂದೇ ಮೊತ್ತ ಬಂತು. ಇಬ್ಬರೂ ಅಂಕೋಲಾ ಪೇಟೆಯ ಮಧುಕರ ಶೇಟರ ಬೆಳ್ಳಿ ಬಂಗಾರದ ಅಂಗಡಿಗೆ ಹೋದರು. ನಾನೂ ಹೋಗಿದ್ದೆ.

"ಶೇಟ್ರೇ, ಒಂದ್ ಜೋಡಿ ದಪ್ಪ ಗೆಜ್ಜೆ ತೋರ್ಸಿ," ಎಂದಳು ಅವ್ವಿ.

"ಹಾಕ್ಕೊಳ್ಳೂಕೆ ಬೇಕೋ, ಕೂಡಿಡೂಕೆ ಬೇಕೋ? ಮೊದ್ಲು ಅದ್ ಹೇಳು ಸುಕ್ರಿ."

"ಕೂಡಿಡೂಕೆ. ಈ ಕಾಲಿಗೆ ಗೆಜ್ಜೆ ಕಟ್ಟಿ ನಾ ಎಲ್ಲಿ ಕುಣೀಲಿ?"

ಶೇಟರು ನಕ್ಕರು. "ಹಂಗಾದ್ರೆ ಗೆಜ್ಜೆ ಬೇಡ. ಮಜೂರಿ ಕೊಟ್ಟು ತಕಂಡ್ ಹೋಗ್ತೆ. ತಿರುಗಿ ಮಾರೂಕೆ ಬಂದಾಗ ಆ ಮಜೂರಿ ಯಾರೂ ಕೊಡೂದಿಲ್ಲ. ಅದ್ರಲ್ಲಿ ತಾಮ್ರ ಸೇರಿರ್ತದೆ, ಬೆಸುಗೆ ಇರ್ತದೆ, ಅದ್ನೂ ಕಳೀತ್ರು. ಸಣ್ಣ ಸಣ್ಣ ನಾಣ್ಯ ತಕಳ್ಳಿ. ಶುದ್ಧ ಬೆಳ್ಳಿದು, ಒಂಬೈನೂರ ತೊಂಬತ್ತೊಂಬತ್ತು ಹೇಳಿ ಮುದ್ರೆ ಇದ್ದದ್ದು. ನಿನ್ನ ಹೆಸ್ರಿಗೆ ನಿಂದು, ಜಯಂತಿ ಹೆಸ್ರಿಗೆ ಅವಳ್ದು. ಬೇಕಾದಾಗ ಬೇಕಾದಷ್ಟೇ ಮಾರ್ಬಹುದು."

"ಮತ್ತೆ ಬೆಳ್ಳಿ ಗಟ್ಟಿ ಹೇಳ್ತ್ರಲ್ಲ, ಅದು?" ಜಯಂತಿಯಕ್ಕ ಕೇಳಿದಳು.

"ದೊಡ್ಡ ಗಟ್ಟಿ ತಕಂಡ್ರೆ ಗ್ರಾಮಿಗೆ ಸ್ವಲ್ಪ ಕಮ್ಮಿ ಬೀಳ್ತದೆ, ಖರೆ. ಆದ್ರೆ ಅದು ಬಾಳ ವರ್ಷ ಮುಟ್ಟದೇ ಇಡೂರಿಗೆ. ಮಾರಿದ್ರೆ ಪೂರಾ ಮಾರ್ಬೇಕು."

ಅಂಗಡಿಯ ಮೆಟ್ಟಿಲು ಇಳಿಯುತ್ತಿದ್ದಂತೆ ಅವ್ವಿ ಗುಸುಗುಸು ಎಂದಳು. "ಕೇಳ್ದ್ಯಾ? ಗಟ್ಟಿ ಕಮ್ಮಿ ಹೇಳಿ ಅವ್ರ ಬಾಯಿಂದ್ಲೇ ಬಂತು. ಚಿಲ್ರೆ ಮಾರಿದ್ರೇ ಶೇಟ್ರಿಗೆ ಲಾಭ."

"ಇಬ್ರಿಗೂ ಸೇರಿ ಒಂದೇ ಗಟ್ಟಿ ತಂದ್ರೆ?" ಎಂದಳು ಜಯಂತಿಯಕ್ಕ.

ಮರುದಿನವೇ ಕಾರವಾರದ ಬಸ್ಸು ಹತ್ತಿದರು. ಅಲ್ಲಿನ ಒಂದು ದೊಡ್ಡ ಅಂಗಡಿಯಲ್ಲಿ ಅರ್ಧ ಕಿಲೋ ಗಟ್ಟಿ ಕೊಂಡರು. ಬಿಲ್ಲಿಗೆ ಯಾರ ಹೆಸರು ಎಂದು ಅಂಗಡಿಯಲ್ಲಿ ಕೆಲಸಕ್ಕಿದ್ದ ಅಮಿತಾ ಎಂಬ ಹುಡುಗಿ ಕೇಳಿದಳು. ಅವ್ವಿ ತನ್ನ ಹೆಸರು ಹೇಳಿ ಜಯಂತಿಯಕ್ಕನ ಮುಖ ನೋಡಿದಳು.

"ಯಾರ ಹೆಸ್ರಾದ್ರೆ ಎಂತ ಸುಕ್ರಕ್ಕಾ? ನಾವೇನು ಬೇರೆಯಾ?" ಎಂದಳು ಜಯಂತಿಯಕ್ಕ.

ಗಟ್ಟಿಯನ್ನು ಕೈಚೀಲದ ತಳದಲ್ಲಿಟ್ಟು ಮೇಲೆ ಒಣಮೀನಿನ ಪೊಟ್ಟಣ ಇಟ್ಟರು. ಬಸ್ಸಿನಲ್ಲಿ ಚೀಲ ಒಮ್ಮೆ ಇವಳ ಮಡಿಲಲ್ಲಿ, ಒಮ್ಮೆ ಅವಳ ಮಡಿಲಲ್ಲಿ. ಮನೆಗೆ ಬಂದ ಮೇಲೆ ಕಂಪನಿಯ ಪ್ಲಾಸ್ಟಿಕ್ ಕವರು ಹರಿದು, ಗಟ್ಟಿಗೆ ಕುಂಕುಮ ಹಚ್ಚಿ ದೇವರ ಮುಂದಿಟ್ಟರು. ಕೇರಿಯವರೆಲ್ಲ ಮುಟ್ಟಿ ನೋಡಿದರು. ಕವರು ಒಲೆಗೆ ಹೋಯಿತು.

ಬೆಳ್ಳಿಯ ದರ ಏರುತ್ತಲೇ ಹೋಯಿತು. ಸಂಜೆಯಾದರೆ ಜಯಂತಿಯಕ್ಕ ನಮ್ಮ ಜಗಲಿಗೆ ಬಂದು ಕೇಳುತ್ತಿದ್ದಳು. "ನಾಗಶ್ರೀ, ಮೊಬೈಲ್ ನೋಡಿ ಹೇಳೇ, ಇವತ್ತೆಷ್ಟಾತು?" ನಾನು ಹೇಳಿದ್ದನ್ನು ಕೇಳಿ ಇಬ್ಬರೂ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

ಮಾವು ಹೂ ಬಿಡುವ ಹೊತ್ತಿಗೆ ಆ ನಗು ನಿಂತಿತು.

ಬೊಬ್ರುವಾಡದ ಮಹಾಬಲೇಶ್ವರಣ್ಣನ ಹಿತ್ತಲಿನಲ್ಲಿ ಒಳ್ಳೆಯ ಈಶಾಡು ಮರಗಳಿವೆ. ಈ ಸಲ ಗುತ್ತಿಗೆಯನ್ನು ಜಯಂತಿಯಕ್ಕನಿಗೇ ಕೊಡುವುದಾಗಿ ಅವನು ಹೇಳಿದ. ಆದರೆ ಸೋಮವಾರದೊಳಗೆ ಹಣ ಬೇಕು, ಹುಬ್ಬಳ್ಳಿಯ ವ್ಯಾಪಾರಿ ಕಾದಿದ್ದಾನೆ ಎಂದ. ಅವಳು ಓಡುತ್ತ ಬಂದಳು.

"ಸುಕ್ರಕ್ಕಾ, ಗಟ್ಟಿ ಮಾರ್ವ!"

"ಈಗ್ಲಾ? ದಿನಾ ಏರ್ತಾ ಅದೆ. ಯುಗಾದಿ ತನ್ಕ ತಡಿ."

"ಮಾವಿನ ಹೂ ನಿನ್ನ ಯುಗಾದಿಗೆ ಕಾಯ್ತದಾ?"

"ಬೇಕಾದ್ರೆ ನಿನ್ ಪಾಲು ಮಾರು. ನನ್ ಪಾಲು ನಾ ಮಾರೂದಿಲ್ಲ."

"ಹಂಗಾದ್ರೆ ನನ್ ಪಾಲಿನ ದುಡ್ಡು ನೀ ಕೊಡು."

ಅವ್ವಿಯ ಹತ್ತಿರ ದುಡ್ಡೆಲ್ಲಿತ್ತು? ಇದ್ದದ್ದೆಲ್ಲ ಆ ಗಟ್ಟಿಯಲ್ಲೇ ಇತ್ತು.

"ಕೊಯ್ಸ್ವ," ಎಂದಳು ಅವ್ವಿ ಕಡೆಗೆ. "ನಿಂದ್ ನಿಂಗೆ, ನಂದ್ ನಂಗೆ."

ಗೇಟು, ಕಿಟಕಿ ಮಾಡುವ ದೇವನ ವೆಲ್ಡಿಂಗ್ ಅಂಗಡಿಗೆ ಹೋದೆವು. ಅವನು ಗಟ್ಟಿ ನೋಡಿ ಹಿಂಜರಿದ. "ಅತ್ತೆ, ಒಂದ್ ಸಲ ಶೇಟ್ರ ಹತ್ರ ಕೇಳಿ ಬತ್ರಾ?"

"ಕೇಳೂಕೆ ಎಂತ ಅದೆ? ನೀ ಸರೀ ಮಧ್ಯ ನೋಡಿ ಕೊಯ್ಯಿ."

ದೇವ ದಾರದಿಂದ ಅಳೆದು ಗುರುತು ಹಾಕಿದ. ಕಬ್ಬಿಣ ಕೊಯ್ಯುವ ಗರಗಸ ಹೋಗಿ ಬಂದಂತೆಲ್ಲ ಬೆಳ್ಳಿಯ ಪುಡಿ ನೆಲದ ಕಪ್ಪು ಕಬ್ಬಿಣದ ಪುಡಿಯ ಮೇಲೆ ಉದುರಿತು. ಅವ್ವಿ ಕುಕ್ಕರುಗಾಲಿನಲ್ಲಿ ಕುಳಿತು ಬೆರಳಿನಿಂದ ಒತ್ತಿ ಒತ್ತಿ ತೆಗೆಯಲು ನೋಡಿದಳು. ಬೆರಳೆಲ್ಲ ಕಪ್ಪಾಯಿತು. ಕಂಪನಿಯ ಮುದ್ರೆ ಮತ್ತು ನಂಬರು ಒಂದು ತುಂಡಿಗೇ ಹೋದವು.

"ಬಿಲ್ಲು ನನ್ ಹೆಸ್ರಿಗೆ ಅದೆ," ಎಂದಳು ಅವ್ವಿ.

"ಮುದ್ರೆದೂ ನೀನೇ ಇಟ್ಕ," ಎಂದಳು ಜಯಂತಿಯಕ್ಕ. ಅವಳು ಅವ್ವಿಯ ಮುಖ ನೋಡಲಿಲ್ಲ.

ಕಾರವಾರಕ್ಕೆ ಅವ್ವಿ ಹೋಗಲಿಲ್ಲ. ಬಿಲ್ಲು ಕೊಟ್ಟು ನನ್ನನ್ನು ಜಯಂತಿಯಕ್ಕನ ಜೊತೆಗೆ ಕಳಿಸಿದಳು. ಅಂಗಡಿಯಲ್ಲಿ ಅಮಿತಾ ತುಂಡನ್ನು ಮಗುಚಿ ಮಗುಚಿ ನೋಡಿದಳು.

"ಇದು ಯಾವ ಬೆಳ್ಳಿ ಅಕ್ಕಾ?"

"ನಿಮ್ಮಲ್ಲೇ ತಕಂಡದ್ದು. ಬಿಲ್ಲು ನೋಡು."

"ಬಿಲ್ಲಲ್ಲಿ ಅರ್ಧ ಕಿಲೋ ಅದೆ, ಬೇರೆಯವ್ರ ಹೆಸ್ರು ಅದೆ. ಇದ್ರ ಮೇಲೆ ಮುದ್ರೆ ಇಲ್ಲ. ನಮ್ಮದೇ ಹೇಳಿ ಹೆಂಗೆ ತಿಳ್ಕೊಳ್ಳೂದು?"

"ಮುದ್ರೆ ಇದ್ದ ತುಂಡು ಮನೇಲಿ ಅದೆ. ತಂದ್ರೆ ಆಗ್ತದಾ?"

"ಅದಕ್ಕೂ ಇದೇ ಮಾತು ಅಕ್ಕಾ. ಮುದ್ರೆ ಹೇಳೂದು ಪೂರಾ ಗಟ್ಟಿಗೆ. ಕೊಯ್ದ ಮೇಲೆ ಕರಗ್ಸಿ ಪರೀಕ್ಷೆ ಮಾಡ್ಸ್ಬೇಕು. ಅದ್ರ ಖರ್ಚು ಕಳೀತ್ರು. ಹೊರಗೆ ಕಳ್ಸಿ ಬರೂಕೆ ಒಂದು ವಾರ ಬೇಕು. ಪೂರಾ ತಂದಿದ್ರೆ ಇವತ್ತೇ ದುಡ್ಡು ಕೊಡ್ತಿದ್ರು."

ಇನ್ನೊಂದು ಅಂಗಡಿಯವರು ಆಗಲೇ ಹಣ ಕೊಡುತ್ತೇವೆ ಎಂದರು. ಆದರೆ ಹಳೆಯ ಗೆಜ್ಜೆಯ ದರಕ್ಕೆ. ಅದು ಮಹಾಬಲೇಶ್ವರಣ್ಣ ಕೇಳಿದಷ್ಟಾಗುತ್ತಿರಲಿಲ್ಲ.

ಬರುವಾಗ ಬಸ್ಸಿನಲ್ಲಿ ಚೀಲ ಜಯಂತಿಯಕ್ಕನ ಮಡಿಲಲ್ಲೇ ಇತ್ತು. ತೋಡೂರು ದಾಟಿದ ಮೇಲೆ ಕಿಟಕಿಯ ಕಡೆ ನೋಡುತ್ತಲೇ ಒಂದು ಮಾತು ಹೇಳಿದಳು. "ನಾವೇನು ಬೇರೆಯಾ ಹೇಳಿದ್ದೆ ಅಲ್ದಾ ನಾನು."

ಸೋಮವಾರ ಕಳೆಯಿತು. ಮರಗಳು ಹುಬ್ಬಳ್ಳಿಯ ವ್ಯಾಪಾರಿಗೆ ಹೋದವು.

ಮೇ ತಿಂಗಳಲ್ಲಿ ಜಯಂತಿಯಕ್ಕ ಅದೇ ವ್ಯಾಪಾರಿಯ ಬುಟ್ಟಿ ಇಟ್ಟುಕೊಂಡು ರಸ್ತೆ ಬದಿಗೆ ಕುಳಿತಳು. ಅವ್ವಿ ಸ್ವಲ್ಪ ದೂರದಲ್ಲಿ ಕುಳಿತಿದ್ದಳು. ಕಾರಿನಿಂದ ಇಳಿದವರು ಹಣ್ಣು ಮೂಸಿ, "ಯಾವ ಊರಿನ ಮರದ್ದಮ್ಮಾ?" ಎಂದು ಕೇಳಿದರು.

"ಬೊಬ್ರುವಾಡದ್ದು. ನಂದಾಗ್ಬೇಕಿತ್ತು," ಎಂದಳು ಜಯಂತಿಯಕ್ಕ.

ಅವ್ವಿಗೆ ಅದು ಕೇಳಿಸಿತು. ಆ ದಿನ ಅವಳು ಊಟದ ಬುತ್ತಿ ಬಿಚ್ಚಲಿಲ್ಲ.

ಮರುದಿನ ತನ್ನ ತುಂಡು ತೆಗೆದುಕೊಂಡು ಮಧುಕರ ಶೇಟರ ಅಂಗಡಿಗೆ ಹೋದಳು. "ಶೇಟ್ರೇ, ಬೈದ್ರೂ ಬೈರಿ. ನೀವು ಹೇಳಿದ್ ನಾ ಕೇಳ್ಲಿಲ್ಲ."

ಶೇಟರು ಬೈಯಲಿಲ್ಲ. ತುಂಡನ್ನು ಕರಗಿಸಿ ಪರೀಕ್ಷೆ ಮಾಡಿಸಿದರು. ಖರ್ಚು ಕಳೆದು ಬಂದ ಹಣಕ್ಕೆ ಅವ್ವಿ ಸಣ್ಣ ನಾಣ್ಯಗಳನ್ನು ಕೊಂಡಳು. ಕೈಗೆ ಬಂದ ನಾಣ್ಯ ಅವಳು ಎಣಿಸಿದ್ದಕ್ಕಿಂತ ಕಡಿಮೆಯೇ ಇತ್ತು.

"ಕವರು ಒಡೀಬೇಡ ಸುಕ್ರಿ," ಎಂದರು ಶೇಟರು. "ಪೂಜೆಗೆ ಕವರು ಸಮೇತ ಇಡು. ದೇವ್ರು ಬೇಜಾರು ಮಾಡ್ಕಳ್ಳೂದಿಲ್ಲ. ನಮ್ಮ ಸಮುದ್ರದ ಗಾಳಿಗೆ ಕಪ್ಪಾದ್ರೆ ಬೂದಿ ಹಾಕಿ ತಿಕ್ಕೂಕೂ ಹೋಗ್ಬೇಡ. ಕಪ್ಪಾದ್ರೆ ಬೆಳ್ಳಿ ಹಾಳಾಗೂದಿಲ್ಲ. ತಿಕ್ಕಿದ್ರೆ ಸವೀತದೆ."

ಸಂಜೆ ಅವ್ವಿ ಆ ನಾಣ್ಯಗಳನ್ನು ಜಯಂತಿಯಕ್ಕನ ಜಗಲಿಯ ಮೇಲಿಟ್ಟಳು. "ಮುಂದಿನ ಹೂವಿಗೆ ಇದ್ರಲ್ಲಿ ಎಷ್ಟು ಬೇಕೋ ತಕ. ಯುಗಾದಿ ಗಿಗಾದಿ ಹೇಳೂದಿಲ್ಲ ನಾನು."

ಜಯಂತಿಯಕ್ಕ ಒಂದು ನಾಣ್ಯ ಎತ್ತಿ ನೋಡಿ, ಅಲ್ಲೇ ಇಟ್ಟಳು.

"ಆ ಮರ ಹುಬ್ಬಳ್ಳಿಯವ್ನಿಗೆ ಮೂರು ವರ್ಷಕ್ಕೆ ಕೊಟ್ಟಾತು ಸುಕ್ರಕ್ಕಾ."

ಇಬ್ಬರೂ ಕತ್ತಲಾಗುವವರೆಗೆ ಅಲ್ಲೇ ಕುಳಿತಿದ್ದರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಬೆಳ್ಳಿ ಕೊಳ್ಳಬೇಡಿ ಎಂದು ನಮ್ಮ ಅವ್ವಿ ಹೇಳುವುದಿಲ್ಲ. ಯಾವ ರೂಪದಲ್ಲಿ ಕೊಳ್ಳುತ್ತೀರಿ ಎಂದು ಮೊದಲು ಯೋಚಿಸಿ ಎನ್ನುತ್ತಾಳೆ. ತೊಡುವ ಆಸೆಯಿದ್ದರೆ ಒಡವೆ ಕೊಳ್ಳಿ, ಅದನ್ನು ಉಳಿತಾಯ ಎಂದು ಲೆಕ್ಕ ಹಿಡಿಯಬೇಡಿ. ತುರ್ತಿಗೆ ಬೇಕಾಗಬಹುದಾದ ಹಣವಾದರೆ ಸಣ್ಣ ನಾಣ್ಯ ಸಾಕು, ಗ್ರಾಮಿಗೆ ಸ್ವಲ್ಪ ಹೆಚ್ಚು ಬಿದ್ದರೂ ಚಿಂತೆಯಿಲ್ಲ. ದೊಡ್ಡ ಗಟ್ಟಿ ಕೊಂಡರೆ ಒಬ್ಬರೇ ಕೊಳ್ಳಿ, ಇಡಿಯಾಗಿಯೇ ಮಾರಿ. ಹಾಲ್‌ಮಾರ್ಕ್ ಮುದ್ರೆ ಇದೆಯೇ ಎಂದು ಬಾಯಿಬಿಟ್ಟು ಕೇಳಿ. ಬಿಲ್ಲು ನಿಮ್ಮ ಹೆಸರಿನಲ್ಲಿರಲಿ. ತಿರುಗಿ ತಂದರೆ ಕೊಳ್ಳುತ್ತೀರಾ, ಎಷ್ಟು ಕಳೆಯುತ್ತೀರಿ ಎಂದು ಹಣ ಕೊಡುವ ಮೊದಲೇ ಕೇಳಿಕೊಳ್ಳಿ. ದರ ಏರಿದಂತೆ ಇಳಿಯುವುದೂ ಉಂಟು, ಇದ್ದದ್ದೆಲ್ಲ ಬೆಳ್ಳಿಗೇ ಹಾಕಬೇಡಿ.

ನಾವು ಕೇಳಲಿಲ್ಲ. ನೀವು ಕೇಳಿ. ನೀವು ಕಾದ ಮರ ಹೂ ಬಿಟ್ಟ ದಿನ ನಿಮ್ಮ ಬೆಳ್ಳಿ ನಿಮ್ಮ ಕೈಗೆ ಬರಲಿ.