ಕಡ್ಡಿಯ ಊಟದ ವೇಳಾಪಟ್ಟಿ

ಗಂಡನ ಯೂನಿಫಾರ್ಮ್ ಶರ್ಟಿನ ಎಡತೋಳು ಮುಗಿದು ಇಸ್ತ್ರಿಪೆಟ್ಟಿಗೆ ಬಲತೋಳಿಗೆ ಬಂದಿತ್ತು. ಆಗ ಮಗಳು ಬಾಗಿಲಿಗೆ ಒರಗಿ ನಿಂತು, "ಅಮ್ಮಾ, ಒಂದು ಕೇಳ್ಲಾ?" ಎಂದಳು.

"ಕೇಳು ಪುಟ್ಟಿ."

ಅವಳು ಬಾಯಿ ತೆರೆಯುವಷ್ಟರಲ್ಲಿ ಅಡುಗೆಮನೆಯಿಂದ ಗಂಡನ ದನಿ ಬಂತು. ಫ್ರಿಜ್ಜಿನ ಪಟ್ಟಿಯಲ್ಲಿ ನಾಯಿ ಕಡ್ಡಿಯ ಬೆಳಗಿನ ಊಟದ ಎದುರು ಯಾರೂ ಗುರುತು ಹಾಕಿಲ್ಲವಂತೆ. ಊಟ ಕೊಟ್ಟಾಗಿದೆಯೋ ಇಲ್ಲವೋ ಎಂಬುದು ಅವನಿಗೆ ಮುಖ್ಯವಲ್ಲ. ತಟ್ಟೆ ನೆಕ್ಕಿ ಪಳಪಳ ಮಾಡಿಟ್ಟ ನಾಯಿ ಅವನ ಕಾಲಬುಡದಲ್ಲೇ ಕೂತಿತ್ತು. ಗುರುತು ಯಾಕಿಲ್ಲ ಎಂಬುದಷ್ಟೇ ಅವನ ಪ್ರಶ್ನೆ. ತಾಯಿ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಹೋಗಿ ಗುರುತು ಹಾಕಿ ಬರುವ ಹೊತ್ತಿಗೆ ಮಗಳು ಕಾಲುಚೀಲ ಹುಡುಕಲು ಹೋಗಿದ್ದಳು. ಹದಿನೈದು ದಿನದಿಂದ ಹೀಗೇ. ಹುಡುಗಿಯ ಗಂಟಲಲ್ಲಿ ಏನೋ ಒಂದು ಪ್ರಶ್ನೆ ಕೂತಿದೆ. ಅದು ನಾಲಿಗೆಗೆ ಬರುವ ಹೊತ್ತಿಗೆ ಸರಿಯಾಗಿ ಹಾಲು ಉಕ್ಕುತ್ತದೆ, ಇಲ್ಲವೇ ನಲ್ಲಿ ನಿಲ್ಲುತ್ತದೆ. 'ಆಮೇಲೆ ಕೇಳು' ಎಂದು ಹೇಳಿ ಹೇಳಿ ತಾಯಿಗೇ ನಾಚಿಕೆಯಾಗತೊಡಗಿತ್ತು.

ಎರಡು ವರ್ಷದ ಹಿಂದೆ ಚಪ್ಪಲಿ ಡಬ್ಬಿಯಲ್ಲಿ ಬಂದ ಮರಿ ಕೈಕಾಲೆಲ್ಲ ಕಡ್ಡಿಯಂತಿತ್ತು, ಹಾಗಾಗಿ ಆ ಹೆಸರು. ಈಗ ಅದನ್ನು ಹಿಂದಿನಿಂದ ನೋಡಿದರೆ ದಿಂಬಿಗೆ ಯಾರೋ ನಾಲ್ಕು ಕಾಲು ಹೊಲಿದಂತೆ ಕಾಣುತ್ತಿತ್ತು. ಹೋದ ತಿಂಗಳು ಸೋಫಾ ಹತ್ತಲು ಹೋಗಿ ಅರ್ಧದಲ್ಲೇ ಜಾರಿ ಬಿದ್ದಿತು. ನಾಯಿ ಡಾಕ್ಟರು ಅದನ್ನು ತಕ್ಕಡಿಯ ಮೇಲೆ ನಿಲ್ಲಿಸಿದರು. ಎಂಟು ಕಿಲೋ. ಇಷ್ಟು ಗಿಡ್ಡ ಕಾಲಿಗೆ ಇಷ್ಟು ಹೊರೆ ಹೊರಿಸಿದರೆ ಬೆನ್ನುಮೂಳೆ ಕೈಕೊಡುತ್ತದೆ, ತಿಂಗಳಲ್ಲಿ ಅರ್ಧ ಕಿಲೋ ಆದರೂ ಇಳಿಯಬೇಕು, ಬೆಳಿಗ್ಗೆ ಅರ್ಧ ಲೋಟ, ಸಂಜೆ ಅರ್ಧ ಲೋಟ, ನಡುವೆ ಒಂದು ಚೂರೂ ಕೂಡದು ಎಂದರು.

ಗಂಡ ಬಸ್ ಡಿಪೋದಲ್ಲಿ ಟೈಮ್‌ಕೀಪರು. ಯಾವ ಬಸ್ಸು ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ಬಂತು, ಯಾಕೆ ತಡ, ಇವೆಲ್ಲ ಅವನ ಪೆನ್ಸಿಲ್ಲಿನ ತುದಿಯಲ್ಲಿ. ಅಂದು ಸಂಜೆಯೇ ಕಾಲಂ ಎಳೆದು ಫ್ರಿಜ್ಜಿಗೆ ಪಟ್ಟಿ ಅಂಟಿಸಿದ. ತಾರೀಖು, ಹೊತ್ತು, ಅಳತೆ, ಕೊಟ್ಟವರ ಗುರುತು. ಅಂಟಿಸಿ ಎರಡು ಹೆಜ್ಜೆ ಹಿಂದೆ ನಿಂತು ನೋಡಿ, ಡ್ರೈವರನನ್ನು ಬೇರೆ ಡಿಪೋಗೆ ಹಾಕುವ ದನಿಯಲ್ಲಿ, ತಿಂಗಳ ಕೊನೆಗೆ ತೂಕ ಇಳಿಯದಿದ್ದರೆ ನಾಯಿಯನ್ನು ಅಕ್ಕನ ಮನೆಗೆ ಕಳಿಸುವುದೇ ಸರಿ ಎಂದ. ಊರಾಚೆ ಅವಳಿಗೆ ದೊಡ್ಡ ಹಿತ್ತಲಿದೆ, ಹೊತ್ತಿಡೀ ಓಡಿಕೊಂಡಿರುತ್ತದೆ. ಇಲ್ಲಿ ಒಂಬತ್ತು ಗಂಟೆ ಒಂಟಿಯಾಗಿ ಬಿದ್ದುಕೊಂಡರೆ ಕೊಬ್ಬದೆ ಇನ್ನೇನು. ಮಗಳ ಚಮಚ ತಟ್ಟೆಗೂ ಬಾಯಿಗೂ ನಡುವೆ ನಿಂತಿದ್ದನ್ನು ತಾಯಿ ನೋಡಿದಳು.

ಆ ತಿಂಗಳು ಇವತ್ತಿಗೆ ಮುಗಿಯಿತು. ಸಂಜೆ ಆರಕ್ಕೆ ತಕ್ಕಡಿ.

ಪಟ್ಟಿಯಲ್ಲಿ ಒಂದು ಗುರುತೂ ತಪ್ಪಿರಲಿಲ್ಲ. ನಾಯಿಯ ಹೊಟ್ಟೆ ಮಾತ್ರ ನೆಲ ಗುಡಿಸುವುದನ್ನು ಬಿಟ್ಟಿರಲಿಲ್ಲ. ಇದು ಹೇಗೆಂದು ಗಂಡ ಲೋಟವನ್ನು ಬೆಳಕಿಗೆ ಹಿಡಿದು ಪರೀಕ್ಷಿಸಿದ್ದ. ಅವಳೂ ಜೊತೆಗೆ ತಲೆದೂಗಿದ್ದಳು, ಬೆಕ್ಕು ಕಣ್ಣುಮುಚ್ಚಿ ಹಾಲು ಕುಡಿದ ಹಾಗೆ.

ಅವಳು ಎರಡು ಬೀದಿ ಆಚೆಯ ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುವವಳು. ಒಂದು ಮಧ್ಯಾಹ್ನ ಮರೆತ ಛತ್ರಿಗೆಂದು ಮನೆಗೆ ಬಂದವಳಿಗೆ ಬಾಗಿಲ ಹಿಂದೆ ಕಡ್ಡಿ ಕಂಡಿತು. ಅವಳ ಹಳೆಯ ಚಪ್ಪಲಿಯ ಮೇಲೆ ತಲೆಯಿಟ್ಟು, ನಿದ್ದೆಯನ್ನೂ ಮಾಡದೆ ಬಾಗಿಲನ್ನೇ ನೋಡುತ್ತಿತ್ತು. ಅಂದು ತನ್ನ ಡಬ್ಬಿಯ ಬ್ರೆಡ್ಡಿನಲ್ಲಿ ಅರ್ಧ ಕೊಟ್ಟಳು. ಮರುದಿನ ಛತ್ರಿ ಮರೆಯಲಿಲ್ಲ, ಆದರೂ ಬಂದಳು. ಆಮೇಲೆ ಅದೇ ಅಭ್ಯಾಸವಾಯಿತು. ಮಧ್ಯಾಹ್ನ ಒಂದಕ್ಕೆ ಸಿಗುವ ಅರ್ಧ ಗಂಟೆಯ ಬಿಡುವಿನಲ್ಲಿ ಗೋಡೆ ಪಕ್ಕ ಪಕ್ಕವೇ ನಡೆದು, ಬೀಗ ತೆಗೆದು, ಅರ್ಧ ಬ್ರೆಡ್ಡು ಹಾಕಿ, ಕಿವಿ ತುರಿಸಿ ಹೊರಡುವುದು. ಊರವರಿಗೆಲ್ಲ ಕಣ್ಣು ಕಾಣುವಂತೆ ಮಾಡುವವಳು ತನ್ನ ತಪ್ಪನ್ನು ಮಾತ್ರ ಕಾಣಲಿಲ್ಲ: ಅರ್ಧ ಬ್ರೆಡ್ಡಿಗೆ ಯಾವ ನಾಯಿ ಕೊಬ್ಬೀತು ಎಂದುಕೊಂಡಳು.

ಗೋಡೆ ಪಕ್ಕ ನಡೆಯುವುದಕ್ಕೆ ಕಾರಣವಿತ್ತು. ಎದುರಿನ ಮಹಡಿಯಲ್ಲಿ ಹೊಲಿಗೆಯವಳ ಮನೆ. ಶಾಲೆ ಹನ್ನೆರಡೂವರೆಗೆ ಬಿಟ್ಟರೆ ಮಗಳು ಸಂಜೆ ಆರರವರೆಗೆ ಅಲ್ಲೇ ಇರುವುದು. ಐದು ವರ್ಷದವಳಿದ್ದಾಗ, ತಾಯಿ ಮಧ್ಯಾಹ್ನ ಇಣುಕಿ ಹೋದರೆ ಸಾಕು, ಮಗು ಸಂಜೆಯವರೆಗೆ ಒಂದೇ ರಾಗ ಹಿಡಿಯುತ್ತಿತ್ತು. ಒಂದು ವಾರ ಸಹಿಸಿಕೊಂಡ ಹೊಲಿಗೆಯವಳು ಗಂಡಹೆಂಡತಿ ಇಬ್ಬರನ್ನೂ ನಿಲ್ಲಿಸಿ ಹೇಳಿದಳು, "ನೋಡಿ, ಮಧ್ಯದಲ್ಲಿ ಮುಖ ತೋರಿಸ್ಬೇಡಿ. ನೀವು ಹತ್ತು ನಿಮಿಷ ಮುದ್ದು ಮಾಡಿ ಹೋಗ್ತೀರಿ, ಆಮೇಲೆ ನನ್ನ ಮಿಷನ್ನಿನ ಸದ್ದೇ ನನಗೆ ಕೇಳ್ಸಲ್ಲ." ಮಗಳಿಗೆ ಈಗ ಒಂಬತ್ತು. ಅಳು ನಿಂತು ಎಷ್ಟೋ ಕಾಲವಾಗಿತ್ತು. ಆ ಮಾತು ಮಾತ್ರ ಹಾಗೇ ಉಳಿದಿತ್ತು.

ಇವತ್ತು ತೂಕದ ದಿನವಾದ್ದರಿಂದ ಅವಳು ದಾರಿಯುದ್ದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೇ ಬಂದಳು. ಬ್ರೆಡ್ಡು ಇಲ್ಲ. ಬರೀ ಕಿವಿ ತುರಿಸುವುದು. ಬೀದಿಯ ತಿರುವಿನಲ್ಲಿ, ಬ್ರೆಡ್ಡಿನ ಅಂಚು ಮಾತ್ರ ಕೊಡಬಹುದು ಎನಿಸಿತು. ಬಾಗಿಲಿಗೆ ಬಂದರೆ ಬೀಗವಿರಲಿಲ್ಲ. ಹೊಸಿಲಲ್ಲಿ ಗಂಡನ ಬೂಟುಗಳು ಹೊರಡಲು ಸಿದ್ಧವಾದ ಎರಡು ಬಸ್ಸುಗಳಂತೆ ಸಾಲಾಗಿ ನಿಂತಿದ್ದವು.

ಒಳಗೆ ಅಡುಗೆಮನೆಯ ನೆಲದ ಮೇಲೆ, ಅವಳು ಬೆಳಿಗ್ಗೆ ಗೆರೆ ಮುರಿಯದಂತೆ ಇಸ್ತ್ರಿ ಮಾಡಿದ ಶರ್ಟಿನಲ್ಲಿ, ಟೈಮ್‌ಕೀಪರು ಚಕ್ಕಳಮಕ್ಕಳ ಹಾಕಿ ಕೂತು ಬೇಯಿಸಿದ ಮೊಟ್ಟೆಯ ಸಿಪ್ಪೆ ಬಿಡಿಸುತ್ತಿದ್ದ. ಕಡ್ಡಿ ಅವನ ಮೊಣಕಾಲಿಗೆ ಗಲ್ಲ ಆನಿಸಿತ್ತು.



"ಡಿಪೋ ಮುಚ್ಚಿದ್ರಾ?" ಎಂದಳು ಅವಳು.

"ನೀನು ಅಂಗಡೀಲಿ ಇರ್ಬೇಕಿತ್ತಲ್ವಾ?" ಎಂದ ಅವನು.

"ನಾನು ಕೇಳಿದ್ದಕ್ಕೆ ಮೊದ್ಲು ಹೇಳ್ರೀ."

ಅವನು ಹೇಳಿದ. ಎರಡೂಕಾಲಿನಿಂದ ಮೂರರವರೆಗೆ ಡಿಪೋದಲ್ಲಿ ಬಸ್ಸುಗಳಿರುವುದಿಲ್ಲ. ಆಗ ಹತ್ತು ನಿಮಿಷ ಬಂದು ಹೋಗುತ್ತಾನೆ. ಒಂದೇ ಒಂದು ಮೊಟ್ಟೆ. ಅದೂ ಹಳದಿ ತಾನು ತಿಂದು, ಬಿಳಿ ಮಾತ್ರ ಅದಕ್ಕೆ. ಇವತ್ತು ಬೇಗ ಬಂದದ್ದು ಯಾಕೆಂದರೆ, ಒಂದಕ್ಕೆ ತಿನ್ನಿಸಿದರೆ ಆರರೊಳಗೆ ಕರಗಿಹೋಗುತ್ತದೆ, ತಕ್ಕಡಿಗೆ ಗೊತ್ತಾಗುವುದಿಲ್ಲ.

"ಪಟ್ಟಿ ಬರೆದವರು ಯಾರ್ರೀ?" ಎಂದು ಅವಳು ಸೊಂಟದ ಮೇಲೆ ಕೈಯಿಟ್ಟಳು. "ಬೇಲಿನೇ ಎದ್ದು ಹೊಲ ಮೇಯ್ದಂಗಾಯ್ತಲ್ಲ."

ಕೈಯೆತ್ತುವಾಗ ಚೀಲ ವಾಲಿ ಡಬ್ಬಿಯ ಮುಚ್ಚಳ ತೆರೆದುಕೊಂಡಿತು. ಅರ್ಧ ಬ್ರೆಡ್ಡು ನೆಲಕ್ಕೆ ಬಿತ್ತು. ಕಡ್ಡಿ ಅದರತ್ತ ನೋಡಿತು, ಮೊಟ್ಟೆಯತ್ತ ನೋಡಿತು. ಎರಡು ಊಟ ಒಂದೇ ಹೊತ್ತಿಗೆ ಬಂದದ್ದು ಅದರ ಜೀವಮಾನದಲ್ಲೇ ಮೊದಲು. ಯಾವುದನ್ನು ಹಿಡಿಯಲಿ ಎಂದು ತೋಚದೆ ಅದು ಕೂತಲ್ಲೇ ಒಂದು ಸುತ್ತು ಸುತ್ತಿತು.

"ಇದು ಯಾವ ಹೊಲದ ಬೇಲಿ?" ಎಂದು ಗಂಡ ಬ್ರೆಡ್ಡನ್ನು ಎತ್ತಿ ಹಿಡಿದ.

ಅವಳಿಗೆ ನಗು ತಡೆಯಲಾಗಲಿಲ್ಲ. ಅವನ ಪಕ್ಕದಲ್ಲೇ ಕುಸಿದು ಕೂತಳು. ಕಡ್ಡಿ ಪಾಪ, ದಿನಾ ತನ್ನನ್ನು ಕಳಿಸಿ, ಮೂತಿ ಒರೆಸಿಕೊಂಡು, ಎರಡೂವರೆಗೆ ಮತ್ತೆ ಮೂರು ದಿನ ಉಪವಾಸವಿದ್ದ ಮುಖ ಮಾಡಿಕೊಳ್ಳಬೇಕಿತ್ತಲ್ಲ ಎಂದಳು. ಅವನೂ ನಕ್ಕ. ನಗುತ್ತಲೇ, ಅಕ್ಕನಿಗೆ ಫೋನ್ ಮಾಡಿ ಬೇಡ ಎನ್ನಬೇಕು, ಡಾಕ್ಟರಿಗೆ ಏನು ಹೇಳುವುದೋ ಎಂದು ತಲೆ ಕೆರೆದುಕೊಂಡ.

ಬಾಗಿಲಲ್ಲಿ ನೆರಳಾಯಿತು. ಮಗಳು. ಫ್ರಾಕಿನ ಮೇಲೆ ಹೊಲಿಗೆಯವಳ ಮನೆಯ ಬಣ್ಣಬಣ್ಣದ ದಾರದ ಎಳೆಗಳು ಅಂಟಿದ್ದವು. ಕೈಯಲ್ಲಿ ಹಳೆಯ ಗಣಿತದ ನೋಟ್‌ಬುಕ್ಕು.

"ಆಂಟಿಗೆ ಹೇಳಿ ಬಂದೆ," ಎಂದಳು. "ದಿನಾ ಬೇರೆ ಬೇರೆ ಬರ್ತಿದ್ರಿ. ಇವತ್ತು ಇಬ್ರೂ ಒಳಗೆ ಹೋದ್ರಿ. ಹೇಗೂ ಗೊತ್ತಾಯ್ತಲ್ಲ ಅಂತ ಬಂದೆ."

ನೋಟ್‌ಬುಕ್ಕನ್ನು ಅಪ್ಪನ ಕೈಗೆ ಕೊಟ್ಟಳು. ಡಾಕ್ಟರಿಗೆ ತೋರಿಸಬೇಕಂತೆ, ತಪ್ಪು ಕಡ್ಡಿಯದಲ್ಲ ಎಂದು ಗೊತ್ತಾಗಬೇಕಂತೆ. ಹಿಂಬದಿಯ ಹಾಳೆಗಳಲ್ಲಿ ಸ್ಕೇಲು ಹಿಡಿದು ಗೆರೆ ಎಳೆದಿದ್ದಳು, ಅಪ್ಪ ಫ್ರಿಜ್ಜಿನ ಪಟ್ಟಿಗೆ ಎಳೆದ ಹಾಗೆಯೇ. ತಾರೀಖು. ಅಮ್ಮ ಒಂದು ಹತ್ತು, ಹೋಗಿದ್ದು ಒಂದು ಇಪ್ಪತ್ತೈದು. ಅಪ್ಪ ಎರಡು ಮೂವತ್ತೆರಡು, ಹೋಗಿದ್ದು ಎರಡು ನಲವತ್ತು. ಒಂದು ದಿನ ಅಪ್ಪನ ಎದುರು 'ತಡ' ಎಂದೂ ಬರೆದಿತ್ತು. ಇಡೀ ತಿಂಗಳು ಎದುರು ಮಹಡಿಯ ಕಿಟಕಿಯಲ್ಲಿ ಕೂತು ಬರೆದದ್ದು.

ಗಂಡ ಒಂದೊಂದೇ ಹಾಳೆ ತಿರುಗಿಸಿದ. ಡಿಪೋದಲ್ಲಿ ದೊಡ್ಡವರೇ ಇಷ್ಟು ಚೊಕ್ಕವಾಗಿ ಬರೆಯುವುದಿಲ್ಲ ಎಂದು ಹೆಮ್ಮೆಯಿಂದ ಹೆಂಡತಿಗೆ ತೋರಿಸಿದ. ಆಮೇಲೆ ಅಭ್ಯಾಸಬಲದಿಂದ ಅವನ ಬೆರಳು ಹಾಳೆಯ ಕೊನೆಗೆ ಹೋಗಿ ನಿಂತಿತು.

"ಈ ಕೊನೇ ಕಾಲಂ ಏನಮ್ಮಾ? ಹೆಸರೂ ಇಲ್ಲ. ತಿಂಗಳಿಡೀ ಖಾಲಿ ಇದೆ."

"ಅದು ನಂದು," ಎಂದಳು ಮಗಳು.

ಅವನ ಕೈಯಿಂದ ಮೊಟ್ಟೆ ಜಾರಿದ್ದು ಕಡ್ಡಿಗೆ ಬಿಟ್ಟರೆ ಬೇರೆ ಯಾರಿಗೂ ಗೊತ್ತಾಗಲಿಲ್ಲ. ತಾಯಿ ಮಗಳ ಫ್ರಾಕಿನಿಂದ ಒಂದು ಕೆಂಪು ದಾರ ತೆಗೆದಳು, ಒಂದು ಹಳದಿ ತೆಗೆದಳು. ಒಲೆಯ ಮೇಲೆ ಹಾಲಿರಲಿಲ್ಲ, ನಲ್ಲಿ ನಿಂತಿರಲಿಲ್ಲ, ಅಂಗಡಿಯ ಬಿಡುವು ಮುಗಿದು ಐದು ನಿಮಿಷವಾಗಿತ್ತು.

"ಏನೋ ಕೇಳ್ಬೇಕು ಅಂತಿದ್ಯಲ್ಲ ಪುಟ್ಟಿ," ಎಂದಳು. "ಈಗ ಕೇಳು."

ಹುಡುಗಿ ಮೊದಲು ನಾಯಿಯನ್ನು ನೋಡಿದಳು, ಆಮೇಲೆ ಅಮ್ಮನನ್ನು.

"ಕಡ್ಡಿ ಒಂಟಿ ಆಗುತ್ತೆ ಅಂತ ಇಬ್ರೂ ದಿನಾ ಬರ್ತೀರಲ್ಲ. ನಾನು ಎದುರಿಗೇ ಕಿಟಕಿಯಲ್ಲಿ ಕೂತಿರ್ತೀನಿ. ಒಂದು ದಿನನಾದ್ರೂ ಯಾಕೆ ತಲೆಯೆತ್ತಿ ನೋಡಲ್ಲ?"