ತಪ್ಪು ಯಾವುದು ಎಂದು ಕೇಳಿದವಳು

ಆಗಸ್ಟಿನ ಉರಿಬಿಸಿಲಿನಲ್ಲಿ ಗಂಡಸರ ಉಣ್ಣೆಯ ಕೋಟು ತೊಟ್ಟ ಹೆಂಗಸೊಬ್ಬಳು ಕೋರ್ಟಿನ ಗುಮಾಸ್ತನ ಮುಂದೆ ನಿಂತು, ನಾನು ಬರೆದದ್ದರಲ್ಲಿ ತಪ್ಪು ಯಾವುದು ಎಂದು ಕೇಳಿದಳಂತೆ. ಆ ಸುದ್ದಿ ಬಂದಾಗ ನಾವು ಹತ್ತಿಹೊಲದ ಅಂಚಿನಲ್ಲಿ ಊಟಕ್ಕೆ ಕೂತಿದ್ದೆವು. ನನ್ನ ಗಂಡ ಅಮೋಸ್ ಜೋಳದ ರೊಟ್ಟಿ ಮುರಿಯುತ್ತ, "ಬಿಳಿಯರು ಆಯಮ್ಮನ ಮನೆಗೆ ಬೆಂಕಿ ಹಚ್ಚೋದು ಗ್ಯಾರಂಟಿ" ಎಂದು ನಕ್ಕ. ನನಗೆ ನಗು ಬರಲಿಲ್ಲ. ನಮ್ಮ ಮಿಸಿಸಿಪ್ಪಿಯಲ್ಲಿ ಕಪ್ಪು ಹೆಂಗಸು ಬಿಳಿಯ ಗುಮಾಸ್ತನನ್ನು ಕಾರಣ ಕೇಳಿದ್ದನ್ನು ಅದುವರೆಗೆ ನಾನು ಕಂಡೂ ಇರಲಿಲ್ಲ, ಕೇಳಿಯೂ ಇರಲಿಲ್ಲ.

ಆಕೆ ವರ್ಡೆಲ್ ಟಾಲಿವರ್, ನಮ್ಮ ಮಕ್ಕಳ ಶಾಲೆಯಲ್ಲಿ ಸಂವಿಧಾನದ ಪಾಠ ಹೇಳುತ್ತಿದ್ದವಳು. ಓಟಿನ ಹಕ್ಕು ಬೇಕಾದರೆ ಕೋರ್ಟಿಗೆ ಹೋಗಿ ರಾಜ್ಯ ಸಂವಿಧಾನದ ಒಂದು ವಿಧಿಗೆ ಅರ್ಥ ಬರೆಯುವ ಪರೀಕ್ಷೆ ಕಟ್ಟಬೇಕಿತ್ತು. ವಿಧಿಯನ್ನು ಆರಿಸುವವನೂ ಗುಮಾಸ್ತ, ಸರಿತಪ್ಪು ತೀರ್ಮಾನಿಸುವವನೂ ಅವನೇ. ಅಕ್ಷರ ಕೂಡಿಸಲು ಬಾರದ ಬಿಳಿಯರು ಹಲ್ಲುಕಿರಿಯುತ್ತ ಪಾಸಾಗಿ ಹೊರಬರುತ್ತಿದ್ದರು. ಸಂವಿಧಾನವನ್ನೇ ಅರೆದು ಕುಡಿದ ವರ್ಡೆಲ್ ಅಕ್ಕ ಪ್ರತಿ ಸಲವೂ ಫೇಲು. "ಏನೇ ವರ್ಡೆಲ್, ಮತ್ತೆ ಬಂದ್ಯಾ?" ಎನ್ನುತ್ತಿದ್ದ ಗುಮಾಸ್ತ, ಆಕೆಯ ಮಗನ ವಯಸ್ಸಿನವನು. ಹಟ ಬಿಡದೆ ಹೋದಳೆಂದು ಶಾಲೆಯ ಕೆಲಸವನ್ನೂ ಕಿತ್ತುಕೊಂಡರು. ಆಗ ಆಕೆ ಚರ್ಚಿನ ಹಿಂದಿನ ಕೋಣೆಯಲ್ಲಿ ನಮ್ಮಂಥ ಬೆಳೆದವರಿಗೆ ಪಾಠ ಶುರುಮಾಡಿದಳು.

ಕಾಲಡಿಯ ಹಲಗೆ ಭಾರ ತಡೆಯುತ್ತದೆಯೋ ಇಲ್ಲವೋ ಎಂದು ಅನುಮಾನಿಸುವವಳಂತೆ ಹಿಮ್ಮಡಿ ಊರಿ ಊರಿ ನಡೆಯುವಳು. ಆ ಕೋಟು ಯುದ್ಧದಲ್ಲಿ ಸತ್ತ ತಮ್ಮನದು. ಗುಮಾಸ್ತ ದಿನವಿಡೀ ಕಾಯಿಸಿ ಹಸಿವಿನಿಂದ ಓಡಿಸಬಾರದೆಂದು ಅದರ ಜೇಬಿನಲ್ಲಿ ರೊಟ್ಟಿ ಇಟ್ಟುಕೊಂಡೇ ಕೋರ್ಟಿಗೆ ಹೋಗುವಳು. ಯಾರು ಏನೆಂದರೂ "ಕಾರಣ ಹೇಳು" ಎನ್ನುವುದು ಆಕೆಯ ಚಾಳಿ, ಪಾದ್ರಿಯನ್ನೂ ಬಿಟ್ಟವಳಲ್ಲ. ಒಕ್ಕೂಟ ವ್ಯವಸ್ಥೆ ಎಂದರೇನು ಅಕ್ಕಾ ಎಂದು ನಾನೊಮ್ಮೆ ಕೇಳಿದೆ.

"ದೂರದೂರಲ್ಲಿರೋ ಧಣಿ, ಬಾಗಿಲು ಎಲ್ಲರಿಗೂ ತೆಗೆದಿದೆ ಅಂತ ಕಾಗದ ಬರೀತಾನೆ. ಕೀಲಿಕೈ ಇಲ್ಲಿನ ಮೇಸ್ತ್ರಿ ಸೊಂಟದಲ್ಲಿರುತ್ತೆ. ಇದೇ ಕಣೇ ಒಕ್ಕೂಟ. ಬರ್ಕೋ."

ಸಾವಿರದ ಒಂಬೈನೂರ ಅರವತ್ತೈದರಲ್ಲಿ ವಾಷಿಂಗ್ಟನ್ನಿನ ಕೇಂದ್ರ ಸರ್ಕಾರದವರು ಕಾನೂನು ತಂದು ಆ ಪರೀಕ್ಷೆಯನ್ನೇ ಕಿತ್ತೆಸೆದರು. ಅವರ ಅಧಿಕಾರಿಯೊಬ್ಬ ಅಂಚೆಕಚೇರಿಯಲ್ಲಿ ಮೇಜು ಹಾಕಿ ಕೂತ. ಹೆಸರು, ವಯಸ್ಸು, ಊರು, ಅಷ್ಟೇ. ನಾನೂ ಹೆಸರು ಕೊಟ್ಟು ಬಂದೆ. ನನ್ನ ಹಿಂದೆಯೇ ಇದ್ದ ವರ್ಡೆಲ್ ಅಕ್ಕ ಮಾತ್ರ ಪೆನ್ನು ಮುಟ್ಟಲಿಲ್ಲ.

"ಪ್ರಶ್ನೆ ಕೇಳಿ."

"ಈಗ ಪ್ರಶ್ನೆ ಏನೂ ಇಲ್ಲಮ್ಮ."

"ಹಾಗಾದ್ರೆ ಇಷ್ಟು ವರ್ಷ ನನ್ನನ್ನ ಫೇಲು ಮಾಡಿದ್ದಕ್ಕೆ ಕಾರಣ ಹೇಳಿ."

ಅವನು ಒಳ್ಳೆಯವನೇ, ಪೆನ್ನನ್ನು ಆಕೆಯತ್ತ ಸರಿಸಿದ. ಸಾಲಿನಲ್ಲಿದ್ದ ನಮ್ಮವರೇ, ಸಿಕ್ಕಿದ್ದನ್ನು ತಗೊಂಡು ಹೋಗಬಾರದಾ ತಾಯಿ ಎಂದು ಗೊಣಗಿದರು. ಆಕೆ ಕೋಟಿನ ಗುಂಡಿ ಹಾಕಿಕೊಂಡು ಮೆಟ್ಟಿಲಿಳಿದುಬಿಟ್ಟಳು. ನಾನು ಓಡಿಹೋಗಿ ತೋಳು ಹಿಡಿದೆ. "ಅಕ್ಕಾ, ನೀನು ಹೀಗೆ ಹೋದ್ರೆ ಆ ಗುಮಾಸ್ತ ಇವತ್ತು ಹಬ್ಬ ಮಾಡ್ತಾನೆ" ಎಂದೆ. ಅದೊಂದೇ ಮಾತು ನಾಟಿತು. ಹಿಂದಿರುಗಿ, ಕಾಗದ ಹರಿಯುವಂತೆ ಒತ್ತಿ ಸಹಿ ಹಾಕಿದಳು.

ಮುಂದೆ ಓಟನ್ನೂ ಹಾಕಿದಳು. ನಾವೆಲ್ಲ ಹಾಡುತ್ತ ಮನೆಗೆ ಬಂದರೆ, ಆಕೆ ಮುಖ ಗಂಟಿಕ್ಕಿಕೊಂಡೇ ನಡೆದಳು. ಓಟು ಸಿಕ್ಕಿತ್ತು, ನಿನ್ನ ಉತ್ತರ ಸರಿಯಿತ್ತು ಎಂಬ ಮಾತು ಸಿಕ್ಕಿರಲಿಲ್ಲ. ಗುಮಾಸ್ತ ಸುಖವಾಗಿ ಪಿಂಚಣಿ ತಿಂದು ಸತ್ತ, ಒಂದು ದಿನವೂ ಯಾರೂ ಅವನನ್ನು ಏನೂ ಕೇಳಲಿಲ್ಲ.

ತೆರೆದ ಬಾಗಿಲಲ್ಲಿ ತಲೆಬಗ್ಗಿಸಿ ಒಳನುಗ್ಗುವವರನ್ನು ಲೋಕ ಜಾಣರೆನ್ನುತ್ತದೆ. ಹೊಸ್ತಿಲಲ್ಲೇ ನಿಂತು, ಇದನ್ನು ಇಷ್ಟು ದಿನ ಮುಚ್ಚಿದ್ದೇಕೆ ಎಂದು ಕೇಳುವವರನ್ನು ಕಹಿಮನಸ್ಸಿನವರು ಎನ್ನುತ್ತದೆ. ಆದರೆ ಆ ಕಹಿಯವರು ಕಾಲೂರಿ ನಿಂತದ್ದರಿಂದಲೇ ಬಾಗಿಲು ತೆರೆಯಿತು ಎಂಬುದನ್ನು ಒಳಗೆ ಕೂತವರು ಬೇಗ ಮರೆಯುತ್ತಾರೆ.

ಕೊನೆಯ ಸಲ ನಾನು ನೋಡಲು ಹೋದಾಗ ವರ್ಡೆಲ್ ಅಕ್ಕ ಆ ಕೋಟನ್ನೇ ಹೊದ್ದು ಮಲಗಿದ್ದಳು. ಗಂಜಿ ಬೇಡವೆಂದು ತಲೆಯಾಡಿಸಿ, ನನ್ನ ಕೈ ಹಿಡಿದೆಳೆದಳು.

"ಯೂಲಾ, ನನಗೊಂದು ಪ್ರಶ್ನೆ ಕೇಳು. ಉತ್ತರ ಸರಿ ಇದ್ರೆ, ಸರಿ ಅಂತ ಬಾಯಿಬಿಟ್ಟು ಹೇಳು."